‘ಅದೊಂದು ಬಿಟ್ಟು ಏನ್ ಬೇಕಾದ್ರೂ ಹೇಳ್ರಿ ಮೇಡಂ’

ಒಬ್ಬರೇ ನಿಂತು ಹೊಸದಾಗಿ ವ್ಯವಹಾರ ಶುರು ಮಾಡಿದವರು ಸಲಹೆ ಕೇಳಲು ನನ್ನ ಬಳಿ ಬಂದರೆ ಮೊದಲ ಮಾತು ಹೆಚ್ಚುಕಮ್ಮಿ ಒಂದೇ ಇರುತ್ತದೆ. ‘ನಂಗೆ ಶಿಸ್ತಿಲ್ಲ ಮೇಡಂ. ಮೋಟಿವೇಶನ್ನೇ ಬರ್ತಿಲ್ಲ.’ ಬ್ಲೌಸ್ ಹೊಲಿಯುವವರು, ಟ್ಯೂಷನ್ ತೆರೆದವರು, ಕೆಲಸ ಬಿಟ್ಟು ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಪದೇ ಪದೇ ಕೇಳಿ ಕೇಳಿ ಈ ಒಂದು ಪ್ರಕರಣವನ್ನಾದರೂ ಬರೆಯಬೇಕು ಅನ್ನಿಸಿತು. ಶಿಸ್ತಿಲ್ಲ ಅಂತ ತಮ್ಮನ್ನು ತಾವೇ ಬೈದುಕೊಳ್ಳುವ ಬಹಳ ಜನರಿಗೆ ಶಿಸ್ತು ಬೇಕಾದಷ್ಟಿರುತ್ತದೆ. ತೊಂದರೆ ಇರುವುದು ಬೇರೆ ಕಡೆ.

ಇವರನ್ನು ಮಂಜು ಅಂತ ಕರೆಯುತ್ತೇನೆ. ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತು ದಾಟಿದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ಅದನ್ನು ಬಿಟ್ಟು ದಾವಣಗೆರೆ ಸೀಮೆಯ ತಮ್ಮ ಊರಿಗೆ ಬಂದು, ಕರೆಂಟಿನ ಮರದ ಗಾಣ ಹಾಕಿಸಿ, ಶೇಂಗಾ ಎಣ್ಣೆ ತೆಗೆಯಲು ಶುರು ಮಾಡಿದರು. ಬೀಜ ಚಳ್ಳಕೆರೆಯಿಂದ ಬರುತ್ತದೆ. ಹಿಂಡಿ ದನ ಸಾಕುವವರಿಗೆ ಹೋಗುತ್ತದೆ. ಎಣ್ಣೆ ಚೆನ್ನಾಗಿದೆ, ಅದರ ಬಗ್ಗೆ ಯಾರದ್ದೂ ತಕರಾರಿಲ್ಲ.

ಆದರೆ ಗಾಣದಲ್ಲಿ ಒಂದು ಲೀಟರ್ ಎಣ್ಣೆ ತೆಗೆಯಲು ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಹಾಗಾಗಿ ಅದು ಪ್ಯಾಕೆಟ್ ಎಣ್ಣೆಗಿಂತ ದುಬಾರಿ. ತಾನಾಗಿ ಖರ್ಚಾಗುವ ಸರಕಲ್ಲ. ಯಾರಾದರೂ ಅಂಗಡಿಗೆ ಹೋಗಿ, ಯಾಕೆ ಇಷ್ಟು ರೇಟು ಅಂತ ಹೇಳಿ, ಇಡಿಸಿ ಬರಬೇಕು. ಆಮೇಲೆ ಮತ್ತೆ ಹೋಗಿ ದುಡ್ಡು ಕೇಳಬೇಕು. ಒಬ್ಬರೇ ನಡೆಸುವ ವ್ಯವಹಾರದಲ್ಲಿ ಆ ‘ಯಾರಾದರೂ’ ತಾವೇ ಆಗಿರುತ್ತಾರೆ.

ಮಂಜು ಬಂದಾಗ ಏನೇನು ಪ್ರಯತ್ನ ಮಾಡಿದ್ದರು ಅಂತ ಕೇಳಿದೆ. ಬೆಳಗ್ಗೆ ಐದಕ್ಕೆ ಏಳುವುದು, ಮೊಬೈಲಿನಲ್ಲಿ ಅಭ್ಯಾಸ ಗುರುತು ಹಾಕುವ ಆ್ಯಪ್, 21 ದಿನದ ಚಾಲೆಂಜ್, ರಾತ್ರಿ ಸ್ಫೂರ್ತಿಯ ವಿಡಿಯೋ. ಇಷ್ಟು ಸಾಲದು ಅಂತ ‘ದಿನಾ ಸಂಜೆ ನನ್ನನ್ನು ಇವತ್ತು ಏನು ಮಾಡಿದ್ರಿ ಅಂತ ಕೇಳು’ ಎಂದು ಹೆಂಡತಿಗೆ ಹೇಳಿದ್ದರು. ಅವರು ಕೇಳಿದರು. ಮನೆಯಲ್ಲಿ ಜಗಳ ಶುರುವಾಯಿತು.

ಮೊದಲು ನಿದ್ದೆ, ಹಸಿವು, ಮನಸ್ಸಿನ ಬಗ್ಗೆ ವಿಚಾರಿಸಿದೆ. ಈ ಹೆಜ್ಜೆ ಬಿಡಬಾರದು. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಕೆಟ್ಟರೆ, ಮುಂಚೆ ಇಷ್ಟವಿದ್ದದ್ದೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಅದನ್ನು ಸೋಮಾರಿತನ ಅಂತ ತಿಳಿದು ಟೈಮ್‌ಟೇಬಲ್ ಹಾಕಿಕೊಂಡು ಕೂರಬಾರದು, ವೈದ್ಯರ ಬಳಿ ಹೋಗಬೇಕು. ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾತಾಡುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಂಜುಗೆ ಅಂಥದ್ದೇನೂ ಇರಲಿಲ್ಲ. ಊಟ, ನಿದ್ದೆ ಸರಿ ಇತ್ತು. ಮಗುವಿನ ಜೊತೆ ಆಡುತ್ತಿದ್ದರು. ಗಾಣದ ಕೆಲಸ ಒಂದು ದಿನವೂ ತಪ್ಪಿಸಿರಲಿಲ್ಲ.

ನನಗೆ ಅನುಮಾನ ಬಂದದ್ದು ಅಲ್ಲೇ. ಶಿಸ್ತಿಲ್ಲದ ಮನುಷ್ಯ ಗಾಣ ಮಾತ್ರ ಹೇಗೆ ತಪ್ಪಿಸುವುದಿಲ್ಲ?

ಮುಂದಿನ ಸಲ ಮಂಜು ಪ್ಲಾಸ್ಟಿಕ್ ಫೈಲ್ ಹಿಡಿದು ಬಂದರು. ಹೊಸ ಟೈಮ್‌ಟೇಬಲ್ ಮಾಡಿದ್ದರು. ಎ4 ಹಾಳೆ, ಕಲರ್ ಪ್ರಿಂಟ್. 5ಕ್ಕೆ ಏಳುವುದು, 5:30ಕ್ಕೆ ಧ್ಯಾನ, 6ಕ್ಕೆ ವಾಕಿಂಗ್, 7ಕ್ಕೆ ಓದು. 8ರಿಂದ 11 ಗಾಣ. 11ರಿಂದ 1 ‘ಮಾರ್ಕೆಟಿಂಗ್’. ಒಂದೊಂದು ಕೆಲಸದ ಚೌಕಕ್ಕೂ ಒಂದೊಂದು ಬಣ್ಣ.

ಮಾರ್ಕೆಟಿಂಗ್ ಅನ್ನುವ ಚೌಕದ ಮೇಲೆ ಬೆರಳಿಟ್ಟು ಕೇಳಿದೆ: ‘ಇದರೊಳಗೆ ಏನೇನು ಬರುತ್ತೆ?’

‘ಇನ್‌ಸ್ಟಾಗ್ರಾಂ ಪೋಸ್ಟ್ ಮೇಡಂ. ಲೇಬಲ್ ಡಿಸೈನ್. ಬೇರೆಯವರ ರೇಟು ನೋಡೋದು.’

‘ಅಂಗಡಿಗೆ ಹೋಗೋದು?’

‘ಅದೂ ಇದರಲ್ಲೇ ಬರುತ್ತೆ.’

‘ಹೋದ ವಾರ ಯಾವ ಅಂಗಡಿಗೆ ಹೋಗಿದ್ರಿ?’

ಮಾತು ನಿಂತಿತು. ಅವರ ಫೈಲಿನಲ್ಲಿ ಉದ್ದನೆಯ ಒಂದು ಉದ್ರಿ ಪುಸ್ತಕ ಕಾಣಿಸುತ್ತಿತ್ತು. ಅದನ್ನು ತೆಗೆದು ಜೋರಾಗಿ ಓದಿ ಅಂದೆ. ಅಕೌಂಟ್ಸ್ ಮಾಡಿದವರ ಬರವಣಿಗೆ, ಅಂಗಡಿ ಹೆಸರು, ತಾರೀಖು, ಲೀಟರ್, ರೂಪಾಯಿ ಎಲ್ಲ ಒಂದೇ ಸಾಲಿನಲ್ಲಿ ನೇರವಾಗಿ ಇದ್ದವು. ಬಾಕಿಯ ಕೆಳಗೆ ಕೆಂಪು ಗೆರೆ. ಓದುತ್ತಾ ಹೋದಂತೆ ದನಿ ಸಣ್ಣದಾಯಿತು. ಎಲ್ಲ ಕೂಡಿಸಿದರೆ ಎರಡು ತಿಂಗಳು ಮನೆ ನಡೆಯುವಷ್ಟು ದುಡ್ಡು ಅಂಗಡಿಗಳಲ್ಲಿ ಕೂತಿತ್ತು.

‘ಇದನ್ನ ಕೇಳೋಕೆ ಯಾವತ್ತು ಹೋಗ್ತೀರಿ?’

ಅವರು ಪುಸ್ತಕ ಮುಚ್ಚಿದರು. ‘ಮೇಡಂ, ಅದೊಂದು ಬಿಟ್ಟು ಏನ್ ಬೇಕಾದ್ರೂ ಹೇಳ್ರಿ, ಮಾಡ್ತೀನಿ. ನಾಲ್ಕು ಗಂಟೆಗೆ ಏಳು ಅಂದ್ರೂ ಏಳ್ತೀನಿ.’

ಈ ಒಂದು ಮಾತಿನಲ್ಲಿ ಇಡೀ ಪ್ರಕರಣ ಇದೆ. ಟೈಮ್‌ಟೇಬಲನ್ನು ಪಕ್ಕಕ್ಕಿಟ್ಟೆವು. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ಯಾಕೆ ಆಗುವುದಿಲ್ಲ ಅಂತ ಕೇಳಿದಾಗ ನಿಧಾನವಾಗಿ ಹೇಳಿದರು. ಅವರ ತಂದೆ ಪ್ರಾಥಮಿಕ ಶಾಲೆ ಮೇಷ್ಟ್ರು. ‘ಉಪವಾಸ ಇದ್ರೂ ಸರಿ, ಯಾರ ಮುಂದೂ ಕೈ ಒಡ್ಡಬೇಡ’ ಅಂತ ಹೇಳುತ್ತಲೇ ಬೆಳೆಸಿದವರು. ಬಾಕಿ ಕೇಳಲು ಮಂಜು ಅಂಗಡಿಗೆ ಹೋಗಿಯೇ ಇಲ್ಲ ಅಂತಲ್ಲ. ಹೋಗುತ್ತಿದ್ದರು. ಗಿರಾಕಿಗಳ ಹಿಂದೆ ನಿಲ್ಲುತ್ತಿದ್ದರು. ಎಲ್ಲರೂ ಹೋದ ಮೇಲೆ ಅಂಗಡಿಯವರು ‘ಏನಪ್ಪಾ, ಏನ್ ಬೇಕಿತ್ತು?’ ಅಂದರೆ, ‘ಒಂದು ಬಿಸ್ಕತ್ ಪ್ಯಾಕೆಟ್ ಕೊಡಿ ಅಣ್ಣ’ ಅಂತ ದುಡ್ಡು ಕೊಟ್ಟು ಬರುತ್ತಿದ್ದರು. ಮನೆಗೆ ಬಂದು ಲೇಬಲ್ ತಿದ್ದಲು ಕೂರುತ್ತಿದ್ದರು.

ಇದನ್ನು ಹೇಳುವಾಗ ಅವರಿಗೆ ಕಣ್ಣು ತುಂಬಿತು. ನನಗೂ ಬೇಸರವಾಯಿತು. ತಾನು ದುಡಿದ ದುಡ್ಡು ಕೇಳಲು ಹೋಗಿ ಇನ್ನಷ್ಟು ದುಡ್ಡು ಕೊಟ್ಟು ಬರುವ ಮನುಷ್ಯನಿಗೆ ‘ನಿನಗೆ ಶಿಸ್ತಿಲ್ಲ’ ಅಂತ ಎಷ್ಟು ವಿಡಿಯೋಗಳು ಹೇಳಿವೆಯೋ.

ಬೆಂಗಳೂರಿನ ಕಂಪನಿಯಲ್ಲಿ ಯಾರ್ಯಾರಿಂದ ಎಷ್ಟು ಬರಬೇಕು ಅಂತ ಪಟ್ಟಿ ಮಾಡುತ್ತಿದ್ದದ್ದು ಇವರೇ. ಹೋಗಿ ಕೇಳುತ್ತಿದ್ದದ್ದು ಬೇರೆಯವರು. ಹಾಗಾಗಿ ತಮಗೆ ಈ ಹಿಂಜರಿಕೆ ಇದೆ ಅಂತ ಇವರಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ಸಂಬಳದ ಕೆಲಸದಲ್ಲಿ ನಮಗೆ ಆಗದ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರುತ್ತಾರೆ. ಒಬ್ಬರೇ ನಿಂತಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಕೆಲಸ ಮುಂದೂಡುವುದು ಸಮಯ ಹೊಂದಿಸಲು ಬಾರದ್ದರಿಂದ ಅಲ್ಲ, ಬೇಡದ ಭಾವನೆಯಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲು ಅಂತ ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್ ಅಂಥವರು ವರ್ಷಗಳಿಂದ ಹೇಳುತ್ತಿದ್ದಾರೆ. ಮಂಜು ವಿಷಯದಲ್ಲಿ ಅದು ಕಣ್ಣಿಗೆ ಕಾಣುವಂತಿತ್ತು. ಅಂಗಡಿಯಿಂದ ಸುಮ್ನೆ ವಾಪಸ್ ಬಂದ ಕೂಡಲೇ ಎದೆ ಹಗುರ. ಆ ಹಗುರವೇ ನಾಳೆಯೂ ಹಾಗೇ ಮಾಡಿಸುತ್ತದೆ. ಮಧ್ಯೆ ಲೇಬಲ್, ಪೋಸ್ಟ್ ಅಂತ ಕೈ ತುಂಬ ಕೆಲಸ ಇರುವುದರಿಂದ ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ತನಗೂ ಗೊತ್ತಾಗುವುದಿಲ್ಲ. ಸಂಜೆ ಹೊತ್ತಿಗೆ ಮಾತ್ರ ‘ದಿನ ಎಲ್ಲಿ ಹೋಯ್ತು?’ ಅನ್ನಿಸುತ್ತದೆ.

ಆವತ್ತು ಉಳಿದ ಹೊತ್ತು ನಾನು ಅಂಗಡಿಯವಳಾದೆ. ಮಂಜು ಎದ್ದು ಹೊರಗೆ ಹೋಗಿ ಮತ್ತೆ ಒಳಗೆ ಬಂದರು.

‘ಅಣ್ಣ, ಹೋದ ತಿಂಗಳದ್ದು ಸ್ವಲ್ಪ ಬಾಕಿ...’

‘ನಾಳೆ ಬಾರಪ್ಪ.’

‘ಆಯ್ತಣ್ಣ.’ ಅಷ್ಟೇ. ತಿರುಗಿಬಿಟ್ಟರು.

ಮತ್ತೆ ಮಾಡಿಸಿದೆ. ‘ಸ್ವಲ್ಪ’ ಅನ್ನುವ ಪದ ತೆಗೆಸಿದೆ, ಎಷ್ಟು ರೂಪಾಯಿ ಅಂತ ಬಾಯಿಬಿಟ್ಟು ಹೇಳಿಸಿದೆ. ‘ನಾಳೆ ಬಾ’ ಅಂದರೆ ಜಗಳ ಬೇಡ, ಒಂದೇ ಪ್ರಶ್ನೆ ಸಾಕು: ‘ನಾಳೆ ಎಷ್ಟು ಹೊತ್ತಿಗೆ ಬರ್ಲಿ ಅಣ್ಣ?’ ಈ ವಾಕ್ಯ ಅವರಿಗೆ ಹಿಡಿಸಿತು. ಇದರಲ್ಲಿ ಮರ್ಯಾದೆ ಹೋಗುವುದಿಲ್ಲ ಅಲ್ವಾ ಮೇಡಂ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮರ್ಯಾದೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ತೆಗೆದೆ. ಅವರ ಫೈಲಿನಲ್ಲಿ, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ, ಹೀಗೆ ನೋಂದಾಯಿಸಿದ ತಯಾರಕರಿಂದ ಸರಕು ಪಡೆದವರು ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿಯೂ ಸೇರುತ್ತದೆ. ಕಿರಾಣಿ ಅಂಗಡಿಯ ಮುಂದೆ ನಿಂತು ಕಾಯ್ದೆ ಓದಿ ಅಂತ ನಾನು ಹೇಳಲಿಲ್ಲ, ಹಾಗೆ ಮಾಡಿದರೆ ವ್ಯಾಪಾರ ನಿಲ್ಲುತ್ತದೆ. ಆದರೆ ತಂದೆ ಹೇಳಿದ ‘ಕೈ ಒಡ್ಡುವುದು’ ಬೇರೆ, ಕೊಟ್ಟ ಮಾಲಿನ ದುಡ್ಡು ಕೇಳುವುದು ಬೇರೆ ಅನ್ನುವುದು ಮಂಜುಗೆ ಮನಸ್ಸಿಗೆ ನಾಟಬೇಕಿತ್ತು. ಲೆಕ್ಕದ ಮನುಷ್ಯ ಅವರು. ಕಾಗದದಲ್ಲಿ ಇದೆ ಅಂದ ಕೂಡಲೇ ಬೆನ್ನು ನೆಟ್ಟಗಾಯಿತು.

ಕೊಟ್ಟ ಸಲಹೆ ಸಣ್ಣದು. ಗಾಣದ ಸ್ವಿಚ್ ಆಫ್ ಮಾಡಿದ ಕೂಡಲೇ ಕೈ ತೊಳೆದು, ಉದ್ರಿ ಪುಸ್ತಕ ಹಿಡಿದು, ಒಂದೇ ಒಂದು ಅಂಗಡಿಗೆ ಹೋಗಿ ಕೇಳಿ ಬರುವುದು. ದುಡ್ಡು ಬಂತೋ ಇಲ್ಲವೋ ಆ ದಿನದ ಲೆಕ್ಕಕ್ಕಿಲ್ಲ, ಕೇಳಿದ್ದು ಲೆಕ್ಕ. ವಾಪಸ್ ಬರುವ ತನಕ ಲ್ಯಾಪ್‌ಟಾಪ್ ತೆರೆಯಬಾರದು. ಬೆಳಗ್ಗೆ ಎಷ್ಟು ಗಂಟೆಗಾದರೂ ಏಳಲಿ, ಧ್ಯಾನ ಬೇಕಿದ್ದರೆ ಮಾಡಲಿ, ಅದು ನನ್ನ ಪಟ್ಟಿಯಲ್ಲಿಲ್ಲ.

‘ಮೋಟಿವೇಶನ್ ಬಗ್ಗೆ ಏನೂ ಹೇಳಲೇ ಇಲ್ವಲ್ಲ ನೀವು?’ ಅಂತ ನನ್ನ ವೃತ್ತಿಯವರೇ ಕೇಳಿದ್ದುಂಟು. ಬೇಕೆಂದೇ ಹೇಳಲಿಲ್ಲ. ಹುಮ್ಮಸ್ಸು ಬಂದ ಮೇಲೆ ಕೆಲಸ ಅಂತ ಕಾಯುವವರು ಕಾಯುತ್ತಲೇ ಇರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಖಿನ್ನತೆ ಇರುವವರ ಜೊತೆ ಕೆಲಸ ಮಾಡುತ್ತಾ, ಮೊದಲು ಸಣ್ಣ ಚಟುವಟಿಕೆ, ಆಮೇಲೆ ಮನಸ್ಸು ಅನ್ನುವ ದಾರಿ ಹಿಡಿದರು. ಅದು ಇವತ್ತಿಗೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಹಾಸಿಗೆ ಬಿಟ್ಟು ಏಳಲಾಗದವರಿಗೇ ಆ ಕ್ರಮ ಸಹಾಯ ಮಾಡುವಾಗ, ಊಟ ನಿದ್ದೆ ಸರಿ ಇರುವ ಮಂಜುಗೆ ಯಾಕೆ ಆಗಬಾರದು?

‘ಸ್ವಿಚ್ ಆಫ್ ಮಾಡಿದ ಕೂಡಲೇ’ ಅಂತ ಅಷ್ಟು ಕಟ್ಟುನಿಟ್ಟು ಮಾಡಿದ್ದಕ್ಕೂ ಕಾರಣ ಇದೆ. ‘ಈ ವಾರ ಬಾಕಿ ಕೇಳ್ತೀನಿ’ ಅನ್ನುವವರಿಗಿಂತ, ‘ಇದಾದ ಕೂಡಲೇ, ಇಲ್ಲಿಂದ, ಇಂಥಲ್ಲಿಗೆ’ ಅಂತ ಮೊದಲೇ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಅವರ ಜೊತೆಯವರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ.

21 ದಿನದ ಮಾತನ್ನಂತೂ ದಯವಿಟ್ಟು ಬಿಟ್ಟುಬಿಡಿ. ಅದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ. ಹೊಸ ಮುಖ ರೂಢಿಯಾಗಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಅಂತ ಅವರು ಗಮನಿಸಿದ್ದರು. ‘ಕನಿಷ್ಠ’ ಬಿದ್ದುಹೋಯಿತು, 21 ಉಳಿಯಿತು. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲಾಲಿ ಮತ್ತು ತಂಡ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ಕೂರಲು ಸುಮಾರು 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ, ಅಂದಾಜು 18ರಿಂದ 254 ದಿನದ ತನಕ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. 22ನೇ ದಿನ ‘ನನ್ನಿಂದ ಆಗಲ್ಲ’ ಅಂತ ಕುಸಿದು ಬರುವವರನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ಅವರಿಗೆ ಈ ಲೆಕ್ಕ ಮಾರಿದವರ ಮೇಲೆ.

ಇನ್ನೊಂದು ಸಲಹೆಗೆ ಅವರ ಮನೆಯಲ್ಲೇ ವಿರೋಧ ಬಂತು. ಸಂಜೆಯ ವಿಚಾರಣೆ ನಿಲ್ಲಿಸಿ ಅಂತ ಹೆಂಡತಿಗೆ ಹೇಳಿಸಿದೆ. ‘ನಾನು ಕೇಳದೇ ಇನ್ಯಾರು ಕೇಳ್ತಾರೆ?’ ಅಂದರಂತೆ. ಅವರ ಕಾಳಜಿ ನಿಜ. ಆದರೆ ಆ ಮನೆಯ ಅಕ್ಕಿಬೇಳೆ ಈ ದುಡ್ಡಿನ ಮೇಲೆ ನಿಂತಿದೆ. ಅವರು ಕೇಳುವ ಪ್ರಶ್ನೆಯಲ್ಲಿ ಆ ಭಯ ಇದ್ದೇ ಇರುತ್ತದೆ, ಕೇಳಿಸಿಕೊಳ್ಳುವವನಿಗೆ ಅದು ಆರೋಪದಂತೆ ಕೇಳುತ್ತದೆ. ಹೆಂಡತಿಯನ್ನು ಮ್ಯಾನೇಜರ್ ಮಾಡಿಕೊಂಡರೆ ಸಂಸಾರವೂ ಸೊರಗುತ್ತದೆ, ವ್ಯವಹಾರವೂ. ನೋಡುವ ಕಣ್ಣು ಬೇಕು, ಖಂಡಿತ ಬೇಕು. ಅದು ಅದೇ ದೋಣಿಯಲ್ಲಿ ಕೂತವರದ್ದಾಗಿರಬಾರದು. ಮಂಜು ಗೆಳೆಯನೊಬ್ಬ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಅವನೂ ಒಬ್ಬನೇ ನಡೆಸುವವನು. ಸಂಜೆ ಏಳಕ್ಕೆ ಇಬ್ಬರೂ ಒಬ್ಬರಿಗೊಬ್ಬರು ವಾಟ್ಸಾಪ್ ಕಳಿಸುವುದು ಅಂತಾಯಿತು: ಇವತ್ತು ಯಾರನ್ನು ಕೇಳಿದೆ, ಏನಂದರು. ಎರಡು ಸಾಲು, ಜಾಸ್ತಿ ಬೇಡ.

ಮೊದಲ ಅಂಗಡಿಯವರು ಮಾತಿಲ್ಲದೆ ಅರ್ಧ ದುಡ್ಡು ಎಣಿಸಿ ಕೊಟ್ಟರಂತೆ. ಇನ್ನೊಬ್ಬರು ನಾಲ್ಕು ಜನರ ಮುಂದೆ ‘ಏನ್ ಓಡಿ ಹೋಗ್ತೀವಾ?’ ಅಂದರು. ಆ ದಿನ ಮಂಜು ಮನೆಗೆ ಬಂದು ಮಲಗಿಬಿಟ್ಟರು. ಮಾರನೇ ದಿನ ಗಾಣ ನಿಲ್ಲಿಸಿ ಮತ್ತೊಂದು ಅಂಗಡಿಗೆ ಹೋದರು. ಆ ಎರಡನೆಯವರು ಎಣ್ಣೆ ತರಿಸುವುದನ್ನೇ ಬಿಟ್ಟರು. ದುಡ್ಡು ಕೊಡದ ಗಿರಾಕಿ ಹೋದದ್ದು ನಷ್ಟವಲ್ಲ ಅಂತ ಉದ್ರಿ ಪುಸ್ತಕ ತೆಗೆಸಿ ಲೆಕ್ಕ ಹಾಕಿಸಿಯೇ ತೋರಿಸಬೇಕಾಯಿತು. ನಡುವೆ ಒಂದು ವಾರ ಪೂರ್ತಿ ತಪ್ಪಿತು, ಮಗುವಿಗೆ ಜ್ವರ. ಮತ್ತೆ ಹಿಡಿದರು. ಬಾಕಿ ಈಗ ಅರ್ಧಕ್ಕಿಂತ ಕೆಳಗಿದೆ. ಲೇಬಲ್ ಹಳೆಯದೇ.

ಹೋದ ಭೇಟಿಯಲ್ಲಿ ಹೊಸ ಪ್ರಶ್ನೆ ತಂದಿದ್ದರು. ವಸೂಲಿಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳಲಾ? ಅತಿ ಹೆಚ್ಚು ಬಾಕಿ ಇರುವ ಅಂಗಡಿಗೆ ಅವರು ಇನ್ನೂ ಹೋಗಿಲ್ಲ. ಅದು ತಂದೆಯ ಹಳೇ ಶಿಷ್ಯರದ್ದು. ಆ ಒಂದು ಅಂಗಡಿಗೆ ನೀವೇ ಹೋಗಿ ಬನ್ನಿ, ಆಮೇಲೆ ಹುಡುಗನ ವಿಷಯ ಮಾತಾಡೋಣ ಅಂದೆ. ಯೋಚನೆ ಮಾಡ್ತೀನಿ ಅಂದರು. ತಂದೆಗೆ ಮೊದಲೇ ಹೇಳಿ ಹೋಗಬೇಕೋ, ಹೇಳದೆ ಹೋಗಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಲ ಅದನ್ನೇ ಮಾತಾಡುತ್ತೇವೆ.