‘ಜಾದೂ’ ಬಿಡಿ, ಕುಶನ್ ಲೆಕ್ಕ ಬರೆಯಿರಿ

ಡೊಂಬಿವಲಿಯ ಲೇಖಕರೇ, ನಮಸ್ಕಾರ.

ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಬೀಳಿಸುವ ಪೂಲ್ ಆಟದ ಎಫ್ರೆನ್ ರೇಯೆಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಲಕ್ಷಣವಾಗಿದೆ. ಮನಿಲಾದ ಪೂಲ್ ಹಾಲ್‌ನಲ್ಲಿ ಟೇಬಲ್ ಮೇಲೇ ಮಲಗುತ್ತಿದ್ದ ಹುಡುಗನ ಭಾಗ ಹಾಗೇ ಉಳಿಯಲಿ. ಆದರೆ ಏಳು ಪುಟದಲ್ಲಿ ‘ಜಾದೂ’ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಅವನ ಅಡ್ಡಹೆಸರೇ ಜಾದೂಗಾರ, ಸರಿ. ಹಾಗಂತ ನೀವೂ ಅದರ ಹಿಂದೆ ಅಡಗಿ ಕೂರಬೇಕೇ? ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರು ಇಂಥ ಪದದ ಕೆಳಗೆ ಗೆರೆ ಎಳೆದು ‘ಹೇಗೆ?’ ಎಂದಷ್ಟೇ ಬರೆದು ಹಿಂದಿರುಗಿಸುತ್ತಿದ್ದರು.

ನಾಲ್ಕನೇ ಪುಟ ನೋಡಿ, ಎದುರಾಳಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್: ‘ಸ್ಟ್ರಿಕ್‌ಲ್ಯಾಂಡ್ ಬಚ್ಚಿಟ್ಟ ಚೆಂಡನ್ನು ರೇಯೆಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಜಾದೂವಿನಂತೆ ಪಾಕೆಟ್‌ಗೆ ಕಳಿಸಿದ.’

‘ಬಚ್ಚಿಟ್ಟ’ ಅಂದರೇನು? ಅವರು ಆಡುತ್ತಿದ್ದದ್ದು ನೈನ್‌ಬಾಲ್, ಒಂದರಿಂದ ಒಂಬತ್ತರವರೆಗೆ ನಂಬರಿರುವ ಚೆಂಡುಗಳ ಪೂಲ್. ಅದರಲ್ಲಿ ಟೇಬಲ್ ಮೇಲಿರುವ ಅತಿ ಸಣ್ಣ ನಂಬರಿನ ಚೆಂಡಿಗೇ ಬಿಳಿ ಚೆಂಡು ಮೊದಲು ತಾಗಬೇಕು. ತಪ್ಪಿದರೆ ಫೌಲ್, ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿ ತನಗೆ ಬೇಕಾದಲ್ಲಿ ಇಟ್ಟುಕೊಳ್ಳುತ್ತಾನೆ. ಅದಕ್ಕೇ ನೇರ ದಾರಿಗೆ ಬೇರೆ ಚೆಂಡು ಅಡ್ಡ ಬರುವಂತೆ ಆಡುವುದು. 1995, ಅಮೆರಿಕದ ರೀನೊ, ಸ್ಕೋರ್ 12–12, ಗೆಲ್ಲಲು ಇನ್ನೊಂದೇ ಸುತ್ತು. ಅಲ್ಲಿ ಫೌಲ್ ಎಂದರೆ ಪಂದ್ಯವನ್ನೇ ಎತ್ತಿ ಕೊಟ್ಟಂತೆ. ಸ್ಕೋರನ್ನೇ ನೀವು ಬರೆದಿಲ್ಲ!

ಇನ್ನು ‘ಜಾದೂವಿನಂತೆ’. ಬಿಳಿ ಚೆಂಡು ಒಂದು ಕುಶನ್‌ಗೆ, ಅಂದರೆ ಟೇಬಲ್ ಅಂಚಿನ ಪಟ್ಟಿಗೆ ಬಡಿದು, ಎದುರು ಕುಶನ್‌ಗೆ ಬಡಿದು, ಅಂಕುಡೊಂಕಾಗಿ ಹೋಗಿ ಗುರಿ ಮುಟ್ಟಿತು. ಚಾಳಿನಲ್ಲಿ ಕೇರಂ ಆಡಿದ ನಮ್ಮ ಓದುಗರಿಗೆ ಪಟ್ಟಿಗೆ ಬಡಿದ ಸ್ಟ್ರೈಕರ್ ಯಾವ ಕೋನದಲ್ಲಿ ವಾಪಸಾಗುತ್ತದೆಂದು ಗೊತ್ತು. ಅಲ್ಲಿಂದಲೇ ಶುರು ಮಾಡಿ. ಪೂಲ್‌ನಲ್ಲಿ ಕುಶನ್ ರಬ್ಬರಿನದು. ಜೋರಾಗಿ ಹೊಡೆದಷ್ಟೂ ಅದು ಅದುಮಿಕೊಂಡು ಚೆಂಡನ್ನು ಇನ್ನಷ್ಟು ನೇರಕ್ಕೆ ಚಿಮ್ಮಿಸುತ್ತದೆ. ಮೇಲಾಗಿ ಸೈಡ್ ಸ್ಪಿನ್, ಅಂದರೆ ಚೆಂಡಿನ ಪಕ್ಕಕ್ಕೆ ಹೊಡೆದು ಕೊಡುವ ತಿರುಗು. ಮೊದಲ ಕುಶನ್‌ನಲ್ಲಿ ಕೋನ ಅಗಲಿಸುವ ಸ್ಪಿನ್ನೇ ಎದುರು ಕುಶನ್‌ನಲ್ಲಿ ಕೋನ ಕುಗ್ಗಿಸುತ್ತದೆ. ವೇಗವನ್ನೂ ಸ್ಪಿನ್ನನ್ನೂ ಒಟ್ಟಿಗೆ ತೂಗಿ ಆಡಿದ ಹೊಡೆತ ಅದು.

ಐದನೇ ಪುಟದಲ್ಲಿ ‘ಒಂದೊಂದೇ ಚೆಂಡಿಗೆ ಅಂಕ ಕೂಡಿಸುತ್ತಾ’ ಎಂದಿದ್ದೀರಿ. ಅದು ಸ್ನೂಕರ್, ಸ್ವಾಮಿ! ಹನ್ನೆರಡು ಅಡಿಯ ಟೇಬಲ್, 22 ಚೆಂಡು. ನೈನ್‌ಬಾಲ್‌ಗೆ ಒಂಬತ್ತು ಅಡಿಯ ಟೇಬಲ್. ನಿಯಮದಂತೆ 9ನೇ ಚೆಂಡು ಬಿದ್ದರೆ ಆ ಸುತ್ತು, ಅಂದರೆ ರ‍್ಯಾಕ್ ಗೆದ್ದಂತೆ, ಮಿಕ್ಕ ಚೆಂಡುಗಳಿಗೆ ಅಂಕವಿಲ್ಲ. ಸ್ನೂಕರ್ ಆಟಗಾರ ಯಾಸಿನ್ ಮರ್ಚಂಟರ ಮುಂಬಯಿ ಇದು, ಓದುಗರು ತಕ್ಷಣ ಹಿಡಿಯುತ್ತಾರೆ.

ಕೊನೆಯ ಪ್ರಶಸ್ತಿ ಪಟ್ಟಿ ತೆಗೆಯಿರಿ. 1994ರ ಯುಎಸ್ ಓಪನ್ (ಅಮೆರಿಕದವನಲ್ಲದ ಮೊದಲ ವಿಜೇತ), 1999ರ ಕಾರ್ಡಿಫ್ ವಿಶ್ವ ಚಾಂಪಿಯನ್‌ಷಿಪ್ ಸಾಕು. ಆ ಜಾಗದಲ್ಲಿ 1996ರ ಹಾಂಗ್‌ಕಾಂಗ್ ಬೆಳೆಸಿ: ಅದೇ ಸ್ಟ್ರಿಕ್‌ಲ್ಯಾಂಡ್ ವಿರುದ್ಧ ಮೂರು ದಿನ, ಮೊದಲು 120 ರ‍್ಯಾಕ್ ಗೆದ್ದವನಿಗೆ ಒಂದು ಲಕ್ಷ ಡಾಲರ್, ರೇಯೆಸ್ ಗೆದ್ದದ್ದು 120–117ರಲ್ಲಿ. ನೀವು ಅದಕ್ಕೆ ಕೊಟ್ಟದ್ದು ಒಂದೇ ಸಾಲು, ಅದರಲ್ಲೂ ‘ಜಾದೂ’ ಇದೆ.

ತಿದ್ದಿ ಕಳಿಸಿ. ನಾಲ್ಕು ಪುಟ ಸಾಕು.