ಕಥೆಯಲ್ಲಿ ಏಟು ತಿಂದು ಬೆಳೆದ ಹುಡುಗ ವಿಲನ್ನೇ ಆಗಬೇಕಾ?

ನೀವು ಕಾದಂಬರಿ ಬರೆಯುತ್ತಿದ್ದೀರಿ. ನಾಯಕ ಚಿಕ್ಕವನಾಗಿದ್ದಾಗ ಅಪ್ಪ ದಿನಾ ಹೊಡೆಯುತ್ತಿದ್ದ. ಅದರ ಪರಿಣಾಮವನ್ನು ಹೇಗೆ ತೋರಿಸೋದು, ದೊಡ್ಡವನಾದ ಮೇಲೆ ಅವನನ್ನು ಕ್ರೂರಿ ಮಾಡಿದರೆ ಸಿನಿಮಾ ಥರ ಆಗಲ್ವಾ ಅಂತ ಕೇಳಿದ್ದೀರಿ.

ಆಗುತ್ತೆ. ಇಂಟರ್ವಲ್ ಆದ ಮೇಲೆ ಒಂದು ಫ್ಲ್ಯಾಶ್‌ಬ್ಯಾಕ್ ಬರುತ್ತದಲ್ಲ, ಕುಡುಕ ಅಪ್ಪ, ಬೆಲ್ಟು, ಮೂಲೆಯಲ್ಲಿ ಮುದುಡಿ ಕೂತ ಹುಡುಗ, ಅಲ್ಲಿಂದ ನೇರವಾಗಿ ಕೊಲೆಗಾರ. ನಿಜದಲ್ಲಿ ಲೆಕ್ಕ ಅಷ್ಟು ಸಲೀಸಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ವಿಡಮ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂಸೆಗೋ ನಿರ್ಲಕ್ಷ್ಯಕ್ಕೋ ಗುರಿಯಾಗಿದ್ದರು ಅಂತ ಕೋರ್ಟಿನ ದಾಖಲೆಯಲ್ಲಿದ್ದ 908 ಮಕ್ಕಳು ಮುಂದೆ ಏನಾದರು ಅಂತ ನೋಡಿದರು. ಅವರಲ್ಲಿ ಹದಿಹರೆಯದಲ್ಲಿ ಪೊಲೀಸರ ಕೈಗೆ ಸಿಕ್ಕವರು ಶೇ. 26. ಹೋಲಿಕೆಗೆ ತೆಗೆದುಕೊಂಡ ಬೇರೆ ಮಕ್ಕಳಲ್ಲಿ ಶೇ. 17. ವ್ಯತ್ಯಾಸ ಇದೆ, ಇಲ್ಲ ಅನ್ನೋಕಾಗಲ್ಲ. ಆದರೆ ಹಿಂಸೆ, ನಿರ್ಲಕ್ಷ್ಯ ಕಂಡವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಆ ವಯಸ್ಸಿನಲ್ಲಿ ಠಾಣೆ ಮೆಟ್ಟಿಲು ಹತ್ತಲಿಲ್ಲ. ಅವರ ಕಥೆ ಬರೆಯೋರು ಕಮ್ಮಿ.

ಇನ್ನೊಂದು ತುದಿಯಲ್ಲಿ ನಮ್ಮ ಪ್ರಹ್ಲಾದ ಇದ್ದಾನೆ. ಅಪ್ಪ ವಿಷ ಕೊಡಿಸಿದ, ಬೆಟ್ಟದಿಂದ ತಳ್ಳಿಸಿದ, ಆನೆ ಬಿಟ್ಟ. ಹುಡುಗನ ನಿದ್ದೆಯೂ ಕೆಡಲಿಲ್ಲ. ಭಕ್ತಿಯ ಕಥೆಯಲ್ಲಿ ಅದು ಇರಬೇಕಾದ್ದೇ, ತಕರಾರಿಲ್ಲ. ಆದರೆ ಭಾಗವತದಲ್ಲಿ ಒಂದು ಮಾತು ಬರುತ್ತದೆ, ನನಗೆ ಅದೇ ಜಾಸ್ತಿ ನಿಜ ಅನ್ನಿಸೋದು. ಎಲ್ಲಾ ಮುಗಿದ ಮೇಲೆ ನರಸಿಂಹ ವರ ಕೇಳು ಅಂದರೆ, ಪ್ರಹ್ಲಾದ ಕೇಳಿದ್ದು ಅಪ್ಪನ ಪಾಪ ಕಳೆಯಲಿ ಅಂತ. ಹೊಡೆದವನನ್ನು ಮಗು ಬಿಟ್ಟುಕೊಡಲ್ಲ. ನಿಮ್ಮ ನಾಯಕನಿಗೂ ಅಪ್ಪನ ಮೇಲೆ ಬರೀ ದ್ವೇಷ ಇಟ್ಟರೆ ನಾನಂತೂ ನಂಬಲ್ಲ.

ನನ್ನ ಸಲಹೆ ಇಷ್ಟೇ. ಅವನು ಕೊನೆಗೆ ಏನಾದ ಅನ್ನೋದನ್ನು ಸದ್ಯಕ್ಕೆ ಬಿಡಿ. ಏಟು ಬಿದ್ದ ದಿನ ಸಂಜೆ ಏನು ಮಾಡಿದ, ಮಾರನೇ ದಿನ ತಿಂಡಿ ಹೇಗೆ ತಿಂದ, ಅದನ್ನು ಬರೆಯಿರಿ. ಚೆನ್ನಾಗಿ ಬರೆದವರೆಲ್ಲ ಅಲ್ಲೇ ಕೈ ಹಾಕಿದ್ದಾರೆ.

ಷಾರ್ಲೆಟ್ ಬ್ರಾಂಟೆಯ 'ಜೇನ್ ಏರ್' (1847) ತೆಗೆದುಕೊಳ್ಳಿ. ಹತ್ತು ವರ್ಷದ ಅನಾಥ ಹುಡುಗಿ, ಸೋದರಮಾವ ತೀರಿಹೋದ ಮೇಲೆ ಅತ್ತೆಯ ಮನೆಯಲ್ಲಿ ಬೇಡದ ಕೂಸಾಗಿ ಬೆಳೆಯುತ್ತಿದ್ದಾಳೆ. ಅತ್ತೆಯ ಮಗ ಹೊಡೆಯುತ್ತಾನೆ. ತಿರುಗಿ ಬಿದ್ದಿದ್ದಕ್ಕೆ ಇವಳನ್ನೇ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಆ ಕೋಣೆ ಎಲ್ಲರಿಗೂ ನೆನಪಿರುತ್ತದೆ. ನನಗೆ ನೆನಪಿರೋದು ಆಮೇಲಿನ ಒಂದು ತಟ್ಟೆ. ಹಕ್ಕಿಯ ಚಿತ್ರವಿದ್ದ ಪಿಂಗಾಣಿ ತಟ್ಟೆ ಅದು. ಕೈಯಲ್ಲಿ ಹಿಡಿದು ನೋಡಬೇಕು ಅಂತ ಅವಳು ಎಷ್ಟೋ ಸಲ ಕೇಳಿದ್ದಳು, ಯಾರೂ ಕೊಟ್ಟಿರಲಿಲ್ಲ. ಈಗ ಕೆಲಸದ ಬೆಸ್ಸಿ ಕನಿಕರದಿಂದ ಅದೇ ತಟ್ಟೆಯಲ್ಲಿ ಸಿಹಿ ತಂದಿಡುತ್ತಾಳೆ. ಜೇನ್‌ಗೆ ತಿನ್ನಲಾಗುವುದಿಲ್ಲ. ಹಕ್ಕಿಯ ಬಣ್ಣವೂ ಮಾಸಿದ ಹಾಗೆ ಕಾಣುತ್ತದೆ. ಏಟಿನ ಪರಿಣಾಮ ಅಂದರೆ ಇದು. ಆಸೆಪಟ್ಟಿದ್ದು ಕೈಗೆ ಬಂತು, ಆಸೆ ಇಲ್ಲ.

ಅದೇ ಹುಡುಗಿಯನ್ನು ವೈದ್ಯ ಕೇಳುತ್ತಾನೆ, ಬಡವರಾದ ಬೇರೆ ನೆಂಟರಿದ್ದರೆ ಅವರ ಹತ್ತಿರ ಹೋಗ್ತೀಯಾ ಅಂತ. ಬೇಡ ಅನ್ನುತ್ತಾಳೆ! ಬಡತನ ಅಂದರೆ ಅವಳಿಗೆ ಹೆದರಿಕೆ. ಹಿಂಸೆ ಕೊಡೋ ಮನೆಯಾದರೂ ಗೊತ್ತಿರೋ ಮನೆ. ಓದುಗರ ಕನಿಕರ ಗಿಟ್ಟಿಸಬೇಕು ಅಂತ ಬರೆಯುವವರು ಈ ಉತ್ತರ ಬರೆಯುತ್ತಿರಲಿಲ್ಲ.

ಅರುಂಧತಿ ರಾಯ್ ಅವರ 'ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್' (1997) ಓದಿಲ್ಲದಿದ್ದರೆ ಓದಿ. ಏಳು ವರ್ಷದ ಎಸ್ತಾ ಕೊಚ್ಚಿಯ ಸಿನಿಮಾ ಟಾಕೀಸಿನ ಲಾಬಿಯಲ್ಲಿದ್ದಾಗ ಜ್ಯೂಸ್ ಮಾರುವವನು ಅವನ ಜೊತೆ ಅಸಹ್ಯವಾಗಿ ನಡೆದುಕೊಳ್ಳುತ್ತಾನೆ. ಹುಡುಗ ಅಮ್ಮನಿಗೆ ಹೇಳಲ್ಲ. ಆದರೆ ತಮ್ಮೂರು ಅಯಮನಂನಲ್ಲಿ ಅಜ್ಜಿಯ ಉಪ್ಪಿನಕಾಯಿ ಕಾರ್ಖಾನೆ ಇದೆ ಅಂತ ಆ ಜ್ಯೂಸಿನವನಿಗೆ ಮಾತಿಗೆ ಹೇಳಿಬಿಟ್ಟಿದ್ದಾನೆ. ಅವನು ಹುಡುಕಿಕೊಂಡು ಬಂದುಬಿಟ್ಟರೆ? ಈ ಒಂದು ಭಯದಿಂದ ಎಸ್ತಾ ಅಡಗಿಕೊಳ್ಳಲು ಜಾಗ ಹುಡುಕುತ್ತಾನೆ, ದೋಣಿ ಬೇಕು ಅನ್ನುತ್ತಾನೆ. ಕಾದಂಬರಿಯ ದೊಡ್ಡ ದುರಂತ ಆ ದೋಣಿಯ ದಾರಿಯಲ್ಲೇ ಬರುತ್ತದೆ. ಮುಂದೆ ಅವನು ಮಾತಾಡೋದನ್ನೇ ನಿಲ್ಲಿಸುತ್ತಾನೆ, ಅದೂ ಒಂದೇ ದಿನಕ್ಕೆ ಅಲ್ಲ, ಯಾವಾಗ ಅಂತ ಯಾರಿಗೂ ಗೊತ್ತಾಗದ ಹಾಗೆ. ಮಗುವಿನ ಲೆಕ್ಕಾಚಾರ ಮಗುವಿನದೇ. ದೊಡ್ಡವರಿಗೆ ಕ್ಷುಲ್ಲಕ ಅನ್ನಿಸೋದೇ ಅದಕ್ಕೆ ಎಲ್ಲಕ್ಕಿಂತ ದೊಡ್ಡದು.

ಇಂಥ ವಿವರ ಎಲ್ಲಿಂದ ತರೋದು ಅಂತೀರಾ? ನನ್ನ ಜೊತೆ ಓದಿದವನೊಬ್ಬ ಗೇಟಿನ ಚಿಲಕ ತೆಗೆಯುವ ಸದ್ದು ಕೇಳಿಯೇ ಅವರಪ್ಪ ಇವತ್ತು ಯಾವ ಮೂಡಿನಲ್ಲಿದ್ದಾರೆ ಹೇಳುತ್ತಿದ್ದ. ಈಗ ಒಳ್ಳೇ ಸೇಲ್ಸ್ ಮ್ಯಾನೇಜರ್. ಎದುರಿಗಿರುವವರ ಮುಖದಲ್ಲಿ ಚೂರು ಬದಲಾದರೂ ಅವನಿಗೆ ಗೊತ್ತಾಗುತ್ತದೆ. ಅದನ್ನು ಹೊಗಳಿದರೆ ಮಾತು ಬದಲಿಸುತ್ತಾನೆ. ಅವನು ವಿಲನ್ನೂ ಆಗಲಿಲ್ಲ, ಸಂತನೂ ಆಗಲಿಲ್ಲ.

ನಿಮ್ಮ ಓದುಗರಲ್ಲೂ ಇಂಥವರು ಇರ್ತಾರೆ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ಏಟು ತಿಂದವರೇ. ಸುಮ್ನೆ ಊಹಿಸಿ ಬರೆದರೆ ಸಿಕ್ಕಿಬೀಳ್ತೀರಿ.

ಇನ್ನೊಂದು. ನಿಮ್ಮ ಪ್ರಶ್ನೆಯಲ್ಲಿ ಅಪ್ಪ ಇದ್ದಾನೆ, ಹುಡುಗ ಇದ್ದಾನೆ. ಅಮ್ಮ ಎಲ್ಲಿ? ಡಿಕನ್ಸ್‌ನ 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ (1850) ಹುಡುಗ ಅಮ್ಮನಿಗೆ ಪಾಠ ಒಪ್ಪಿಸುವಾಗ ಮಲತಂದೆ ಮರ್ಡ್‌ಸ್ಟನ್ ಅಲ್ಲೇ ಕೂತಿರುತ್ತಾನೆ. ಅವನ ಮುಖ ನೋಡಿದ ಕೂಡಲೇ ಡೇವಿಡ್‌ಗೆ ಕಲಿತಿದ್ದೆಲ್ಲ ಮರೆತುಹೋಗುತ್ತದೆ. ಅಮ್ಮ ತುಟಿ ಅಲ್ಲಾಡಿಸಿ ಹೇಳಿಕೊಡಲು ನೋಡುತ್ತಾಳೆ, ಗದರಿಸಿದರೆ ಸುಮ್ಮನಾಗುತ್ತಾಳೆ. ಒಂದು ದಿನ ಏಟು ಬೀಳುವಾಗ ಹುಡುಗ ಅವನ ಕೈ ಕಚ್ಚುತ್ತಾನೆ. ಆಮೇಲೆ ಮೈಮೇಲಿನ ಬಾಸುಂಡೆಗಿಂತ ತಾನೇ ಮಹಾಪಾಪಿ ಅನ್ನೋದು ಅವನಿಗೆ ಜಾಸ್ತಿ ನೋಯುತ್ತದೆ. ಊರು ಬಿಟ್ಟು ಶಾಲೆಗೆ ಹೊರಡುವಾಗ ಅಮ್ಮ ಕೂಡ, ನಾನು ಪ್ರೀತಿಸೋರಿಗೆ ನೋವು ಮಾಡಿದೆಯಲ್ಲ, ಒಳ್ಳೆಯವನಾಗೋಕೆ ನೋಡು ಅನ್ನುತ್ತಾಳೆ. ಅವಳು ಕೆಟ್ಟವಳಲ್ಲ, ಮಗನನ್ನು ಕಂಡರೆ ಪ್ರಾಣ. ನಿಮ್ಮ ನಾಯಕನ ಅಮ್ಮ ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದಳಾ, ಬಾಗಿಲಲ್ಲಿ ನಿಂತಿದ್ದಳಾ, ಆಮೇಲೆ ಬಂದು ಏನಂದಳು? ಮೊದಲು ಆ ಅಧ್ಯಾಯ ಬರೆಯಿರಿ. ಅಪ್ಪನ ಬೆಲ್ಟಿನ ವಿಷಯ ಒಂದು ಸಾಲಿನಲ್ಲಿ ಮುಗಿದರೂ ನಡೆಯುತ್ತೆ.