ಕುಸುಬೆ ಎಣ್ಣೆ ಕಮಟಾಯಿತು, ಎಳ್ಳೆಣ್ಣೆ ಏಕೆ ಕೆಡಲಿಲ್ಲ?

ಪ್ರಶ್ನೆ: ಗಾಣದಿಂದ ಕುಸುಬೆ ಎಣ್ಣೆ, ಎಳ್ಳೆಣ್ಣೆ ಎರಡನ್ನೂ ಒಂದೇ ದಿನ ತಂದಿದ್ದೆವು. ಮೂರು ತಿಂಗಳಲ್ಲಿ ಕುಸುಬೆ ಎಣ್ಣೆ ಕಮಟು ವಾಸನೆ ಹೊಡೆಯಿತು. ಎಳ್ಳೆಣ್ಣೆಗೆ ಏನೂ ಆಗಿಲ್ಲ. ಎರಡರಲ್ಲೂ ಆಂಟಿಆಕ್ಸಿಡೆಂಟ್ ಇದೆ ಅಂತಾರಲ್ಲ? ಅದು ಜಾಸ್ತಿ ಇರುವ ಎಣ್ಣೆಯನ್ನೇ ತಿನ್ನಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಆಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದಿಂದ ಎಣ್ಣೆ ಕೆಡುವುದನ್ನು ತಡೆಯುವ ಅಂಶ, ಎರಡರಲ್ಲೂ ಇದೆ, ನಿಜ. ಅಂಥದ್ದೇ ಒಂದಾದ ವಿಟಮಿನ್ ಇ ಅಂತೂ, ಅದರಲ್ಲೂ ದೇಹ ಇಟ್ಟುಕೊಳ್ಳುವ ಆಲ್ಫಾ ರೂಪ, ಕುಸುಬೆಯಲ್ಲೇ ಜಾಸ್ತಿ! ಆದರೂ ಅದೇ ಮೊದಲು ಕೆಟ್ಟಿತು, ಅಲ್ವಾ? ಕಾರಣ ಅದರ ಕೊಬ್ಬಿನಾಮ್ಲ.

ಕೊಬ್ಬಿನಾಮ್ಲದಲ್ಲಿ ಜೋಡಿಬಂಧ (ಎರಡು ಇಂಗಾಲ ಪರಮಾಣುಗಳ ನಡುವಿನ ಎರಡೆಳೆಯ ಕೊಂಡಿ) ಹೆಚ್ಚಿದಷ್ಟೂ ಗಾಳಿಯ ಆಮ್ಲಜನಕ ಅದನ್ನು ಬೇಗ ಹಿಡಿಯುತ್ತದೆ. ಒಲಿಯಿಕ್ ಆಮ್ಲದಲ್ಲಿ ಇಂಥ ಬಂಧ ಒಂದೇ. ಲಿನೋಲಿಯಿಕ್‌ನಲ್ಲಿ ಎರಡು. ಅಗಸೆಯಲ್ಲಿ ಹೇರಳವಾಗಿರುವ ಲಿನೋಲೆನಿಕ್‌ನಲ್ಲಿ ಮೂರು. ಒಂದು ಎರಡಾದರೆ ಕೆಡುವ ವೇಗ ದುಪ್ಪಟ್ಟಲ್ಲ, ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ನಮ್ಮ ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಸುಮಾರು ಶೇ 75, ಎಳ್ಳೆಣ್ಣೆಯಲ್ಲಿ ಶೇ 40–45.

ಈ ಲೆಕ್ಕದಲ್ಲಿ ಎಳ್ಳೆಣ್ಣೆಯೂ ಲಿನೋಲಿಯಿಕ್ ಇನ್ನೂ ಕಡಿಮೆ ಇರುವ ಶೇಂಗಾ ಎಣ್ಣೆಗಿಂತ ಮೊದಲೇ ಕೆಡಬೇಕಿತ್ತು. ಉಳಿಸುವುದು ಎಳ್ಳಿನಲ್ಲಿ ಮಾತ್ರ ಇಷ್ಟು ಧಾರಾಳವಾಗಿರುವ ಸೆಸಮಿನ್, ಸೆಸಮೊಲಿನ್ ಎಂಬ ಕಾಯುವ ಅಂಶಗಳು. ಎಳ್ಳು ಹುರಿದಾಗ ಸೆಸಮೊಲಿನ್ ಒಡೆದು ಸೆಸಮಾಲ್ ಆಗುತ್ತದೆ, ಅದು ಇನ್ನೂ ಗಟ್ಟಿ ಕಾವಲುಗಾರ. ಜೊತೆಗೆ ಎಳ್ಳಿನ ವಿಟಮಿನ್ ಇ ಬಹುಪಾಲು ಗಾಮಾ ರೂಪದ್ದು. ಬಾಟಲಿಯೊಳಗೆ ಎಣ್ಣೆ ಕಾಯಲು ಆಲ್ಫಾಗಿಂತ ಗಾಮಾ ವಾಸಿ.

ಹಾಗಂತ ಕೆಡದ ಎಣ್ಣೆಯಲ್ಲೆಲ್ಲ ಆಂಟಿಆಕ್ಸಿಡೆಂಟ್ ತುಂಬಿರುತ್ತದೆ ಅಂದುಕೊಳ್ಳಬೇಡಿ. ಕೊಬ್ಬರಿ ಎಣ್ಣೆಯಲ್ಲಿ ವಿಟಮಿನ್ ಇ ತೀರಾ ಕಡಿಮೆ. ಅದು ಬಾಳುವುದು ಹತ್ತರಲ್ಲಿ ಒಂಬತ್ತು ಪಾಲು ಜೋಡಿಬಂಧವೇ ಇಲ್ಲದ ಕೊಬ್ಬಾದ್ದರಿಂದ.

ಇನ್ನು ತಿನ್ನುವ ಮಾತು. ಲಿನೋಲಿಯಿಕ್ ನಮ್ಮ ದೇಹಕ್ಕೆ ಬೇಕೇಬೇಕು, ದೇಹ ಅದನ್ನು ತಾನೇ ಮಾಡಿಕೊಳ್ಳಲಾರದು. ಹಾಗಾಗಿ ಕುಸುಬೆಯನ್ನು ದೂರ ಇಡಬೇಕಿಲ್ಲ. ಆಂಟಿಆಕ್ಸಿಡೆಂಟ್ ಹೆಸರಿನಲ್ಲಿ ಎಣ್ಣೆ ಜಾಸ್ತಿ ಸುರಿಯುವುದಂತೂ ಸುಮ್ನೆ ದಂಡ. ಹೃದ್ರೋಗ ತಡೆಯುವ ಬಗ್ಗೆ ನಡೆದು 2000ದಲ್ಲಿ ಫಲಿತಾಂಶ ಬಂದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ವಿಟಮಿನ್ ಇ ಮಾತ್ರೆ ನುಂಗಿದವರಲ್ಲೂ ಹೃದಯಾಘಾತ ಕಡಿಮೆಯಾಗಲಿಲ್ಲ.

ಕುಸುಬೆ ಎಣ್ಣೆಯನ್ನು ತಿಂಗಳಿಗೆ ಬೇಕಾದಷ್ಟೇ ತನ್ನಿ. ಒಲೆಯಿಂದ ದೂರ, ಕತ್ತಲಲ್ಲಿಡಿ. ಡಬ್ಬಿಯ ತಳದಲ್ಲಿ ಉಳಿದ ಹಳೆ ಎಣ್ಣೆ ಮೇಲೆ ಹೊಸದನ್ನು ಸುರಿಯಬೇಡಿ, ಹೊಸದೂ ಬೇಗ ಹಾಳಾಗುತ್ತದೆ. ಕಮಟಾದದ್ದನ್ನು ಕಾಯಿಸಿದರೂ ಸರಿಹೋಗದು, ಚೆಲ್ಲಿಬಿಡಿ. ಕಿರುಗುಟ್ಟುವ ಬಾಗಿಲಿಗೂ ಬಿಡಬೇಡಿ. ಗಾಳಿ ತಾಗಿ ಒಣಗಿ ಅಂಟಾಗುತ್ತದೆ. ಚಿತ್ರ ಬರೆಯುವ ತೈಲವರ್ಣಕ್ಕೆ ಕುಸುಬೆ ಎಣ್ಣೆ ಬೆರೆಸುವುದು ಇದೇ ಗುಣಕ್ಕೆ.